ಮನೆ ಟ್ಯೂಬು

ನನ್ನ ಅತ್ತಿಗೆ ನೆಟ್ಟಗೆ ಕೂತದ್ದನ್ನು ಕಂಡವರು ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ. ಊಟಕ್ಕೆ ಕೂತಾಗಲೂ ಅವಳ ಅರ್ಧ ಮೈ ಕುರ್ಚಿಯ ಮೇಲಿದ್ದರೆ ಇನ್ನರ್ಧ ಅಡುಗೆಮನೆಯ ಕಡೆ ಹೊರಟಿರುತ್ತಿತ್ತು. ಬೆಳಿಗ್ಗೆ ಅವಳು ಎದ್ದಳೋ ಇಲ್ಲವೋ ಎಂದು ತಿಳಿಯಲು ನಾನು ಕಣ್ಣು ಬಿಡಬೇಕಾಗಿರಲಿಲ್ಲ, ಪಾತ್ರೆಗಳ ಮುಚ್ಚಳಗಳೇ ಹೇಳುತ್ತಿದ್ದವು. ಒಂದು ಮುಚ್ಚಳ ತೆಗೆದರೆ ಇನ್ನೊಂದು ಬೀಳಬೇಕು, ಬಿದ್ದದ್ದನ್ನು ಎತ್ತಲು ಹೋದರೆ ಚಮಚದ ಡಬ್ಬ ಉರುಳಬೇಕು. "ಅತ್ತಿಗೆ, ಯುದ್ಧ ಯಾರ್ ಮೇಲೆ?" ಎಂದು ನಾನು ಹಾಸಿಗೆಯಿಂದಲೇ ಕೂಗುತ್ತಿದ್ದೆ. "ನಿನ್ ಸೋಮಾರಿತನದ ಮೇಲೆ" ಎಂದು ಉತ್ತರ ಬರುತ್ತಿತ್ತು.

ಅವಳು ಅಣ್ಣನ ಹೆಂಡತಿಯಾಗಿ ಈ ಮನೆಗೆ ಬಂದಾಗ ನನಗೆ ಹನ್ನೆರಡು ವರ್ಷ, ಅವಳಿಗೆ ಇಪ್ಪತ್ತೆರಡು. ಅಮ್ಮ ತೀರಿಕೊಂಡು ವರ್ಷವೂ ತುಂಬಿರಲಿಲ್ಲ. ನನ್ನ ತಲೆ ಬಾಚಿದ್ದು, ಶಾಲೆಗೆ ದರದರ ಎಳೆದುಕೊಂಡು ಹೋದದ್ದು, ಓದು ತಲೆಗೆ ಹತ್ತುವುದಿಲ್ಲ ಎಂದು ಖಾತ್ರಿಯಾದ ಮೇಲೆ ಹೊಲಿಗೆ ಕಲಿಯಲು ಹಾಕಿದ್ದು ಎಲ್ಲ ಅವಳೇ. ಹಾಗಾಗಿ ನಮ್ಮಿಬ್ಬರ ನಡುವೆ ಬಹುವಚನ ಸುಳಿಯಲೇ ಇಲ್ಲ. ನಾನು ಮದುವೆಯಾಗಲಿಲ್ಲ, ಅವರಿಗೆ ಮಕ್ಕಳಾಗಲಿಲ್ಲ. ಈಗಲೂ ಮೂವರೂ ಒಂದೇ ಮನೆಯಲ್ಲಿದ್ದೇವೆ. ಬೀದಿಗೆ ಬಾಗಿಲಿರುವ ಕೆಳಗಿನ ಕೋಣೆ ನನ್ನ ಹೊಲಿಗೆ ಅಂಗಡಿ, ಮೆಟ್ಟಿಲು ಹತ್ತಿದರೆ ಮನೆ.

ಅಣ್ಣನ ಬಗ್ಗೆ ಹೇಳುವುದು ಹೆಚ್ಚಿಲ್ಲ, ಅವನೂ ಹೆಚ್ಚು ಹೇಳುವವನಲ್ಲ. ಅವನು ಕ್ರೇನ್ ಓಡಿಸುತ್ತಾನೆ. ಅರ್ಧ ಕಟ್ಟಿದ ಕಟ್ಟಡಗಳ ನೆತ್ತಿಯ ಮೇಲೆ ಗಾಜಿನ ಡಬ್ಬಿಯೊಂದರಲ್ಲಿ ದಿನವಿಡೀ ಒಂದೇ ಸೀಟಿನಲ್ಲಿ ಕೂತು ಕಬ್ಬಿಣದ ತೊಲೆಗಳನ್ನು ಎತ್ತಿ ಇಳಿಸುತ್ತಾನೆ. ಮನೆಗೆ ಬಂದರೂ ಹಾಗೆಯೇ, ಇಟ್ಟಲ್ಲಿ ಇರುತ್ತಾನೆ. ಗಂಡ ಹೆಂಡತಿ ಇಬ್ಬರಿಗೂ ಸೇರಿಸಿ ದೇವರು ಕೊಟ್ಟ ಓಡಾಟವನ್ನೆಲ್ಲ ಅತ್ತಿಗೆ ಒಬ್ಬಳೇ ನುಂಗಿಕೊಂಡಳು ಎಂದು ನಾನು ರೇಗಿಸುತ್ತಿದ್ದೆ.

ಇಂಥವಳಿಗೆ ಸಿಕ್ಕ ಕೆಲಸ ನೋಡಿ. ದೊಡ್ಡ ಆಸ್ಪತ್ರೆಯೊಂದರ ಸಂಶೋಧನಾ ವಿಭಾಗದಲ್ಲಿ ಅವಳು ಲ್ಯಾಬ್ ಟೆಕ್ನಿಷಿಯನ್. ಹೆಂಗಸರ ರಕ್ತ ತೆಗೆದು, ಅದರಿಂದ ಪ್ಲೇಟ್‌ಲೆಟ್‌ಗಳನ್ನು ಬೇರೆ ಮಾಡಿ, ಅವುಗಳ ಒಳಗೆ ಕ್ಯಾಲ್ಸಿಯಂ ಎಷ್ಟಿದೆ ಎಂದು ಅಳೆಯುವ ಜಾಗ ಅದು. ಕ್ಯಾಲ್ಸಿಯಂ ಎಂದರೆ ಮೂಳೆ, ಹಲ್ಲು ಎಂದಷ್ಟೇ ಗೊತ್ತಿದ್ದ ನನಗೆ ಅವಳು ಒಂದು ದಿನ ಅಂಗಡಿಯಲ್ಲಿ ನಿಂತೇ ಪಾಠ ಮಾಡಿದ್ದಳು. ನಾನು ಆಗತಾನೇ ಬೆರಳಿಗೆ ಸೂಜಿ ಚುಚ್ಚಿಕೊಂಡಿದ್ದೆ.

"ರಕ್ತ ನಿಂತ್ಹೋಯ್ತಲ್ಲ, ಯಾರು ನಿಲ್ಲಿಸಿದ್ದು?"

"ಬಾಯಲ್ಲಿ ಬೆರಳಿಟ್ಕೊಂಡೆ, ನಿಂತ್ಕೊಳ್ತು."

"ನಿನ್ ತಲೆ. ಪ್ಲೇಟ್‌ಲೆಟ್ ನಿಲ್ಲಿಸಿದ್ದು. ಚಪ್ಪಟೆ ಗುಂಡಿ ಥರ ರಕ್ತದಲ್ಲಿ ತೇಲ್ಕೊಂಡು ಹೋಗ್ತಿರುತ್ತೆ, ಅದರ ಪಾಡಿಗೆ ಅದು. ಅದರ ಒಳಗೆ ಕ್ಯಾಲ್ಸಿಯಂ ತೀರಾ ಕಮ್ಮಿ ಇರ್ಬೇಕು. ಹೊರಗೆ ಬೇಕಾದಷ್ಟಿರುತ್ತೆ, ಒಳಗೂ ಒಂದು ಮೂಲೇಲಿ ಬೀಗ ಹಾಕಿಟ್ಟಿರುತ್ತೆ. ಗಾಯ ಆಯ್ತು ಅಂದ್ರೆ ಬಾಗಿಲೆಲ್ಲ ತೆಗೆದು ಕ್ಯಾಲ್ಸಿಯಂ ನುಗ್ಗುತ್ತೆ. ಗುಂಡಿ ಹೋಗಿ ಮುಳ್ಳುಮುಳ್ಳಾಗಿ ಒಂದಕ್ಕೊಂದು ಅಂಟ್ಕೊಂಡು ಗಾಯ ಮುಚ್ಚುತ್ತೆ."

"ಗಾಯ ಇಲ್ದಾಗ?"

"ಗಾಯ ಇಲ್ದಾಗ ಪಂಪ್‌ಗಳು ಕ್ಯಾಲ್ಸಿಯಂನ ಎತ್ತಿ ಎತ್ತಿ ಆಚೆ ಹಾಕ್ತಾನೇ ಇರ್ಬೇಕು. ಆಗ್ಲೇ ಅದು ಸುಮ್ನಿರೋದು. ಪಂಪ್ ಸೋತು ಒಳಗೆ ಜಾಸ್ತಿ ಉಳ್ಕೊಂಡ್ರೆ, ಅದು ಕಾರಣ ಇಲ್ದೇನೇ ಅಂಟೋಕೆ ತಯಾರಾಗಿ ಕೂತಿರುತ್ತೆ. ಹೃದಯದ ರಕ್ತನಾಳದಲ್ಲಿ ಹಾಗೆ ಅಂಟ್ಕೊಂಡ್ರೆ ಗೊತ್ತಲ್ಲ."

ಅವಳ ಮೇಲಿನವರು, ಎಲ್ಲರೂ ಬರೀ ಮೇಡಂ ಎನ್ನುವ ಒಬ್ಬ ಡಾಕ್ಟರು, ಹಿಡಿದು ಹೊರಟಿದ್ದ ಎಳೆ ಇದು. ಪ್ರಾಯದಲ್ಲಿ ಗಂಡಸರಿಗಿಂತ ಕಡಿಮೆ ಹೃದಯದ ತೊಂದರೆ ಇರುವ ಹೆಂಗಸರು ಮುಟ್ಟು ನಿಂತ ಮೇಲೆ ಯಾಕೆ ಅವರ ಸಮಕ್ಕೆ ಬರಲು ಹೊರಡುತ್ತಾರೆ? ಅದಕ್ಕೆ ಹತ್ತಾರು ಕಾರಣಗಳಿರಬಹುದು, ಅದರಲ್ಲಿ ಪ್ಲೇಟ್‌ಲೆಟ್‌ನೊಳಗೆ ಉಳಿದುಬಿಡುವ ಕ್ಯಾಲ್ಸಿಯಂ ಕೂಡ ಒಂದಿರಬಹುದೇ ಎಂದು ಮೇಡಂ ನೋಡುತ್ತಿದ್ದರು. ಪ್ಲೇಟ್‌ಲೆಟ್‌ಗೆ ಒಂದು ಬಣ್ಣ ಕುಡಿಸುತ್ತಾರಂತೆ. ಒಳಗೆ ಕ್ಯಾಲ್ಸಿಯಂ ಹೆಚ್ಚಿದಷ್ಟೂ ಅದು ಹೆಚ್ಚು ಬೆಳಗುತ್ತದೆ, ಯಂತ್ರದ ಪರದೆಯ ಮೇಲೆ ಒಂದು ಗೆರೆ ಮೇಲೇರುತ್ತದೆ. ಶಾಂತವಾಗಿರುವ ಪ್ಲೇಟ್‌ಲೆಟ್‌ನ ಗೆರೆ ಕೆಳಗೆ ಮಲಗಿರಬೇಕು.

ಆದರೆ ಪ್ಲೇಟ್‌ಲೆಟ್‌ನಷ್ಟು ಗಾಬರಿಬುರುಕ ಜೀವ ಇನ್ನೊಂದಿಲ್ಲ. ಟ್ಯೂಬು ಕುಲುಕಿದರೆ ಗಾಬರಿ, ತಣ್ಣಗಾದರೆ ಗಾಬರಿ, ಸೂಜಿ ಸಣ್ಣದಾದರೆ ಗಾಬರಿ. ಅದಕ್ಕೇ ರಕ್ತ ಕೊಡಲು ಬಂದ ಹೆಂಗಸರು ಒಂದು ಅಗಲವಾದ ಕುರ್ಚಿಯಲ್ಲಿ ಪಾದ ನೆಲಕ್ಕೂರಿ ಅರ್ಧ ಗಂಟೆ ಸುಮ್ಮನೆ ಕೂರಬೇಕು. ಮಾತಿಲ್ಲ, ಫೋನಿಲ್ಲ, ಬೆಳಗಿನ ಕಾಫಿಯೂ ಇಲ್ಲ. ಆಮೇಲೆ ರಕ್ತ ತೆಗೆದು, ಬೆಚ್ಚಗಿನ ಪೆಟ್ಟಿಗೆಯಲ್ಲಿ ಟ್ಯೂಬುಗಳನ್ನು ನಿಲ್ಲಿಸಿ, ಉದ್ದನೆಯ ಕಾರಿಡಾರಿನ ಆ ತುದಿಯ ಲ್ಯಾಬಿಗೆ ಕೈಯಲ್ಲೇ ಒಯ್ಯಬೇಕು. ತಳ್ಳುಗಾಡಿಯಲ್ಲಿಟ್ಟರೆ ಚಕ್ರ ಅದುರುತ್ತದೆ. ಒಮ್ಮೆ ಹೊರಟರೆ ನಿಲ್ಲಬಾರದು, ಪೆಟ್ಟಿಗೆ ಕೆಳಗಿಡಬಾರದು, ಕೈ ಬದಲಿಸಬಾರದು.

ಇದನ್ನೆಲ್ಲ ಮಾಡುವವಳು ನಮ್ಮ ಅತ್ತಿಗೆ. ಲ್ಯಾಬಿನಲ್ಲಿ ಅವಳಿಗೆ ಗಿರಗಿಟ್ಲೆ ಎಂದು ಹೆಸರಿಟ್ಟಿದ್ದರು. ಆದರೆ ಪೆಟ್ಟಿಗೆ ಕೈಗೆ ಬಂತೆಂದರೆ ಆ ಗಿರಗಿಟ್ಲೆ ಬೇರೆಯೇ ಹೆಂಗಸು. ಎರಡೂ ಕೈಯಲ್ಲಿ ಪೆಟ್ಟಿಗೆಯನ್ನು ಹೊಟ್ಟೆಗಾನಿಸಿಕೊಂಡು, ಪಾದಗಳನ್ನು ನೆಲಕ್ಕೆ ಸವರುತ್ತ ನಡೆಯುತ್ತಾಳೆ. ಎದುರಿಗೆ ಬರುವ ಡಾಕ್ಟರುಗಳು, ಸ್ಟ್ರೆಚರಿನವರು ಗೋಡೆಗೆ ಸರಿದು ದಾರಿ ಬಿಡುತ್ತಾರೆ. ಊರವರ ರಕ್ತಕ್ಕೆ ತೋರಿಸುವ ಮರ್ಯಾದೆಯಲ್ಲಿ ಕಾಲುಭಾಗವನ್ನು ಅಡುಗೆಮನೆಯ ಮುಚ್ಚಳಗಳಿಗೆ ತೋರಿಸಿದ್ದರೆ ನಾನು ಇನ್ನೂ ಒಂದು ಗಂಟೆ ಹೆಚ್ಚು ಮಲಗುತ್ತಿದ್ದೆ.

ಆ ಲ್ಯಾಬಿನಲ್ಲಿ ಒಂದು ಪದ್ಧತಿ ಇತ್ತು. ಅಳೆಯುವ ದಿನ ಯಂತ್ರ ಸರಿಯಿದೆಯೇ, ಬಣ್ಣ ಕೆಟ್ಟಿಲ್ಲವೇ ಎಂದು ನೋಡಲು ಮೊದಲು ಲ್ಯಾಬಿನವರದೇ ಒಂದು ಟ್ಯೂಬು ರಕ್ತ ಹಾಕುತ್ತಾರೆ. ಯಂತ್ರಕ್ಕೆ ಬೇರೆ ಲೆಕ್ಕಾಚಾರಗಳೂ ಇದ್ದವಂತೆ, ಆದರೆ ಅವರು ಕೊನೆಗೆ ನಂಬುತ್ತಿದ್ದುದು ಇದನ್ನೇ. ಅದಕ್ಕೆ ಮನೆ ಟ್ಯೂಬು ಎಂದು ಹೆಸರು. ಅದು ಸದಾ ಒಬ್ಬರದೇ ಆಗಿರಬೇಕು, ಇಲ್ಲದಿದ್ದರೆ ನಿನ್ನೆಗೂ ಇವತ್ತಿಗೂ ಹೋಲಿಸಲಾಗುವುದಿಲ್ಲ. ಮೊದಲ ದಿನದಿಂದ ಮನೆ ಟ್ಯೂಬು ಅತ್ತಿಗೆಯದು. ಅವಳ ನರ ಚೆನ್ನಾಗಿ ಸಿಗುತ್ತದೆ, ರಜೆ ಹಾಕುವವಳಲ್ಲ, ಕೇಳಿದರೆ ಇಲ್ಲ ಎನ್ನುವವಳೂ ಅಲ್ಲ. ಓಡಾಡುತ್ತಲೇ ಬಂದು ತೋಳು ಚಾಚಿ, ರಕ್ತ ಕೊಟ್ಟು, ಹತ್ತಿ ಒತ್ತಿಕೊಂಡು ಮತ್ತೆ ಓಡುತ್ತಿದ್ದಳು. ಅವಳ ಗೆರೆ ಎಲ್ಲಿ ನಿಲ್ಲುತ್ತದೋ ಅದನ್ನು ನೋಡಿ ಉಳಿದವರ ಗೆರೆಗಳನ್ನು ತೂಗುತ್ತಿದ್ದರು. "ನಾನು ಆ ಲ್ಯಾಬಿನ ಅಡಿಗೋಲು ಕಣೇ" ಎಂದು ಅವಳಿಗೆ ಬಲು ಹೆಮ್ಮೆ.

ಕಳೆದ ವರ್ಷದಿಂದ ನನಗೆ ಸಮಾಧಾನವಿಲ್ಲದ ಹಾಗಾಯಿತು. ನನ್ನ ಅಂಗಡಿಯಿಂದ ಮೇಲೆ ಹೋಗುವ ಮೆಟ್ಟಿಲುಗಳ ನಡುವೆ ಒಂದು ಕಿಟಕಿಯಿದೆ. ಒಂದೇ ಉಸಿರಿಗೆ ಹತ್ತುತ್ತಿದ್ದ ಅತ್ತಿಗೆ ಆ ಕಿಟಕಿಯ ಹತ್ತಿರ ನಿಲ್ಲತೊಡಗಿದಳು. ಅಲ್ಲಿಂದ ಕಾಣುವುದು ಎದುರು ಮನೆಯ ನೀರಿನ ಟ್ಯಾಂಕು ಮಾತ್ರ.

"ಏನ್ ನೋಡ್ತಿದೀಯ ಅತ್ತಿಗೆ?"

"ಏನಿಲ್ಲ, ಟ್ಯಾಂಕ್ ಸೋರ್ತಿದೆಯೇನೋ ಅಂತ."

ಟ್ಯಾಂಕು ಸೋರುತ್ತಿರಲಿಲ್ಲ. ಆಮೇಲೆ ಅವಳಿಗೆ ಕೆಳದವಡೆ ನೋಯತೊಡಗಿತು. ಸಾಮಾನು ಹೊತ್ತು ಬಂದಾಗ ನೋವು, ಸ್ವಲ್ಪ ನಿಂತರೆ ಇಲ್ಲ. ಹಲ್ಲು ಎಂದಳು. ಹಲ್ಲಿನ ಡಾಕ್ಟರು ನೋಡಿ, ಹಲ್ಲುಗಳು ಕಲ್ಲಿನ ಹಾಗಿವೆ ಎಂದರು. ಹಾಗಾದರೆ ನಿದ್ದೆಯಲ್ಲಿ ಹಲ್ಲು ಕಡಿಯುತ್ತೇನೇನೋ ಎಂದಳು. ಐವತ್ತು ದಾಟಿ ಮುಟ್ಟು ನಿಂತಾಗಿನಿಂದ ಬೆವರು, ಸುಸ್ತು, ನಿದ್ದೆಗೆಡುವುದು ಎಲ್ಲಕ್ಕೂ ಅವಳ ಹತ್ತಿರ ಒಂದೇ ಉತ್ತರವಿತ್ತು: "ಈ ವಯಸ್ಸೇ ಹೀಗೆ." ಅಪ್ಪಿತಪ್ಪಿ ಹೃದಯ ಎಂಬ ಮಾತು ನನ್ನ ಬಾಯಿಗೆ ಬಂದರೆ, "ದಿನಾ ಅದರಲ್ಲೇ ಇರೋಳು ನಾನೋ ನೀನೋ?" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು. ನಾನು ಅಣ್ಣನಿಗೆ ಹೇಳಿದೆ. ಅಣ್ಣ, "ಅವಳು ಯಾರ ಮಾತ್ ಕೇಳ್ತಾಳೆ?" ಎಂದ. ನನಗೆ ಇಬ್ಬರ ಮೇಲೂ ಸಿಟ್ಟು ಬಂತು.

ಅದೇ ಸಮಯಕ್ಕೆ ಲ್ಯಾಬಿನಲ್ಲೂ ಗೋಳು ಶುರುವಾಗಿತ್ತು. ಮನೆ ಟ್ಯೂಬಿನ ಗೆರೆ ಸ್ವಲ್ಪ ಸ್ವಲ್ಪವೇ ಮೇಲೇರುತ್ತಿತ್ತು. ಮನೆ ಟ್ಯೂಬು ಮೇಲೇರಿತೆಂದರೆ ಯಂತ್ರ ಕೆಟ್ಟಿದೆ ಎಂದೇ ಅರ್ಥ. ಯಂತ್ರದವರನ್ನು ಕರೆಸಿ ಸರಿಮಾಡಿಸಿದರು, ಹೊಸ ಬಣ್ಣ ತರಿಸಿದರು, ಸೂಜಿ ಬದಲಿಸಿದರು. ಗೆರೆ ಇಳಿಯಲಿಲ್ಲ. ಸರಿ, ಯಂತ್ರ ಹೆಚ್ಚು ತೋರಿಸುತ್ತಿದೆ ಎಂದುಕೊಂಡು ಎಲ್ಲರ ಲೆಕ್ಕದಲ್ಲೂ ಅಷ್ಟಷ್ಟು ಇಳಿಸುತ್ತ ಬಂದರು. ಆಗ ಮುಟ್ಟು ನಿಂತ ಹೆಂಗಸರ ಗೆರೆಗಳೂ ಕಾಲೇಜು ಹುಡುಗಿಯರ ಗೆರೆಗಳಂತೆ ಕೆಳಗೆ ಮಲಗಿದವು. ಮೇಡಂ ತಲೆ ಕೆರೆದುಕೊಂಡರು. ಅತ್ತಿಗೆ ಮನೆಗೆ ಬಂದು ಯಂತ್ರಕ್ಕೆ ಶಾಪ ಹಾಕಿದಳು, ಅಡುಗೆಮನೆಯಲ್ಲಿ ಮುಚ್ಚಳಗಳು ಎಂದಿಗಿಂತ ಜೋರಾಗಿ ಬಿದ್ದವು.

ಹೀಗಿರುವಾಗ ನನ್ನ ಅಂಗಡಿಯಲ್ಲೂ ಒಂದು ಎಡವಟ್ಟಾಯಿತು. ಒಂದೇ ವಾರದಲ್ಲಿ ಮೂವರು, ಹೊಲಿಸಿದ ಕೋಟು ಬಿಗಿಯಾಯಿತು ಎಂದು ವಾಪಸು ತಂದರು. ಮೊದಲಿಬ್ಬರಿಗೆ, "ನೀವೇ ಸ್ವಲ್ಪ ತುಂಬ್ಕೊಂಡಿದೀರ" ಎಂದು ನಗುನಗುತ್ತ ಹೇಳಿ ಕಳಿಸಿದೆ. ಮೂರನೆಯವಳು ಕಡ್ಡಿಯಂಥ ಹೆಂಗಸು, ಅವಳಿಗೆ ಹಾಗೆನ್ನಲು ನಾಲಿಗೆ ಹೊರಳಲಿಲ್ಲ. ಅನುಮಾನ ಬಂದು ನನ್ನ ಟೇಪನ್ನು ಮೇಜಿನ ಕಬ್ಬಿಣದ ಸ್ಕೇಲಿನ ಪಕ್ಕ ಇಟ್ಟು ನೋಡಿದೆ. ವರ್ಷಗಟ್ಟಲೆ ಎಳೆದೆಳೆದು ಟೇಪು ಜಗ್ಗಿಹೋಗಿತ್ತು. ಅದರಲ್ಲಿ ಅಳೆದವರೆಲ್ಲ ಇರುವುದಕ್ಕಿಂತ ಸಣ್ಣಗೆ ಕಾಣುತ್ತಿದ್ದರು, ನಾನು ಸ್ಕೇಲು ಹಿಡಿದು ಬಟ್ಟೆಯನ್ನು ಅಷ್ಟೇ ಸಣ್ಣಗೆ ಕತ್ತರಿಸುತ್ತಿದ್ದೆ.

ಊಟದ ಹೊತ್ತಿಗೆ ಇದನ್ನು ಹೇಳಿಕೊಂಡು ನಕ್ಕೆ. ಅಣ್ಣನೂ ನಕ್ಕ, ಅದೇ ಅಪರೂಪ. ಅತ್ತಿಗೆ ಎಲ್ಲರಿಗಿಂತ ಜೋರಾಗಿ ನಕ್ಕವಳು ನಡುವೆ ನಿಲ್ಲಿಸಿದಳು.

"ಟೇಪೇ ಜಗ್ಗಿತ್ತಾ?"

"ಹೂಂ. ನಾನು ಪಾಪ ಅವರನ್ನೆಲ್ಲ ದಪ್ಪಗಾಗಿದೀರ ಅಂದೆ."

ಅವಳು ಏಳಲಿಲ್ಲ. ತಟ್ಟೆಯ ಮುಂದೆ ಹಾಗೇ ಕೂತಳು. ಅವಳು ಅಷ್ಟು ಹೊತ್ತು ಒಂದು ಕಡೆ ಕೂತದ್ದು ನೋಡಿ ನನ್ನ ನಗು ಉಡುಗಿತು.

ಮರುದಿನ ಲ್ಯಾಬಿನಲ್ಲಿ ಅವಳು ಮೇಡಂ, ನೆಲ ಒರೆಸುವಾಕೆ, ಚೀಟಿ ಬರೆಯುವಾಕೆ ಮೂವರನ್ನೂ ಒಬ್ಬೊಬ್ಬರಾಗಿ ಕುರ್ಚಿಯಲ್ಲಿ ಕೂರಿಸಿ ರಕ್ತ ತೆಗೆದಳು. ಮೂವರ ಗೆರೆಗಳೂ ಇರಬೇಕಾದಲ್ಲಿದ್ದವು. ಯಂತ್ರ ಸರಿಯಾಗಿತ್ತು, ಬಣ್ಣ ಸರಿಯಾಗಿತ್ತು. ಮೇಲಿದ್ದದ್ದು ಅವಳ ಗೆರೆಯೊಂದೇ.

ಸಂಜೆ ಬಂದು ಇದನ್ನು ನನಗೆ ಹೇಳಿದಳು. ಹೇಳುತ್ತಲೇ ಕತ್ತರಿ ಎತ್ತಿಟ್ಟಳು, ದಾರದ ಉಂಡೆಗಳನ್ನು ಜೋಡಿಸಿದಳು, ಜೋಡಿಸಿದ್ದನ್ನು ಕೆಡವಿದಳು.

"ಅಂದ್ರೆ ನಿನ್ ರಕ್ತದಲ್ಲೇ ಏನೋ ಇದೆ" ಎಂದೆ.

"ಏನೂ ಇಲ್ಲ. ನಾನು ಸರಿಯಾಗಿ ಕೂತೇ ಇಲ್ಲ, ಅಷ್ಟೆ. ಬೇರೆಯವರನ್ನೆಲ್ಲ ಅರ್ಧ ಗಂಟೆ ಕೂರಿಸ್ತೀನಿ, ನಾನು ಮಾತ್ರ ಓಡಿಬಂದು ಚುಚ್ಚಿಸ್ಕೋತೀನಿ. ಸ್ಯಾಂಪಲ್ ಕೆಟ್ಟಿದೆ."

"ಮೊದಲೂ ಹಾಗೇ ಮಾಡ್ತಿದ್ದೆಯಲ್ಲ? ಆಗ ಯಾಕೆ ಕೆಟ್ಟಿರ್ಲಿಲ್ಲ?"

ಅವಳು ಕೆಡವಿದ ಉಂಡೆಗಳನ್ನು ಮತ್ತೆ ಜೋಡಿಸತೊಡಗಿದಳು. "ನಾಳೆ ನಿಯಮದ ಪ್ರಕಾರ ಕೂತು ಕೊಡ್ತೀನಿ. ನೀನೂ ಬಾ, ನಿಂದೂ ತೆಗೆಯೋಣ. ಒಬ್ಬಳೇ ಕೂರೋಕೆ ಆಗಲ್ಲ ನಂಗೆ."

"ಡಾಕ್ಟರ ಹತ್ರ ಹೋಗೋದು ಬಿಟ್ಟು ಕುರ್ಚೀಲಿ ಕೂತು ಏನ್ ಮಾಡ್ತೀಯ?"

"ಮೊದಲು ಒಳ್ಳೆ ಸ್ಯಾಂಪಲ್ ಬರ್ಲಿ. ಕೆಟ್ಟ ಸ್ಯಾಂಪಲ್ ಹಿಡ್ಕೊಂಡು ಡಾಕ್ಟರ ಮುಂದೆ ಹೋಗೋಕಾಗುತ್ತಾ?"

ಬುದ್ಧಿಯಿರುವವರು ಆಡುವ ಮಾತೇ ಇದು? ದವಡೆಯ ನೋವು, ಮೆಟ್ಟಿಲ ಮೇಲಿನ ಏದುಸಿರು ಅವಳಿಗೆ ಲೆಕ್ಕವೇ ಅಲ್ಲ. ಗೆರೆ ಸರಿಯಾಗಿ ಬಂದರೆ ಮಾತ್ರ ಲೆಕ್ಕ. ನಾನು ಜಗಳವಾಡಿ ಸಾಕಾಗಿ ಒಪ್ಪಿಕೊಂಡೆ. ಅವಳ ಜೊತೆಗಾದರೂ ಇರುತ್ತೇನಲ್ಲ ಎನಿಸಿತು.

ಬೆಳಿಗ್ಗೆ ಕಾಫಿಯಿಲ್ಲದೆ ಇಬ್ಬರೂ ಹೋದೆವು. ರಕ್ತ ತೆಗೆಯುವ ಕೋಣೆ ಚಿಕ್ಕದು, ಎರಡು ಅಗಲ ಕುರ್ಚಿಗಳು, ನಡುವೆ ಒಂದು ಸಣ್ಣ ಮೇಜು, ಎದುರಿಗೆ ಗೋಡೆ ಗಡಿಯಾರ. ಗಡಿಯಾರದ ಕೆಳಗೆ ಹೆಂಗಸರ ಹೃದಯದ ಬಗ್ಗೆ ಬಣ್ಣದ ಚಿತ್ರಪಟ. ಅದರಲ್ಲಿ ಒಬ್ಬ ಹೆಂಗಸು ದವಡೆ ಹಿಡಿದುಕೊಂಡು ನಿಂತಿದ್ದಳು, ಇನ್ನೊಬ್ಬಳು ಬೆನ್ನು ಹಿಡಿದುಕೊಂಡು. ಮೇಡಂ ನಮ್ಮಿಬ್ಬರನ್ನೂ ಕೂರಿಸಿ, "ನಿಮಗೆ ಹೇಳೋದೇ ಬೇಡ, ನಿಯಮ ಎಲ್ಲ ಗೊತ್ತು" ಎಂದು ಅತ್ತಿಗೆಗೆ ನಗುತ್ತ ಹೇಳಿ ಬಣ್ಣ ತಯಾರು ಮಾಡಲು ಲ್ಯಾಬಿಗೆ ಹೋದರು.

ಮೊದಮೊದಲು ನನಗೆ ನಗು ತಡೆಯಲಾಗಲಿಲ್ಲ. ಅತ್ತಿಗೆಯ ಮಂಡಿ ಕುಣಿಯುತ್ತಿತ್ತು, ಅವಳು ಅದನ್ನು ಕೈಯಿಂದ ಒತ್ತಿದರೆ ಕೈ ಕುಣಿಯುತ್ತಿತ್ತು. ಮೇಜಿನ ಮೇಲಿನ ಹತ್ತಿಯ ಡಬ್ಬ ಓರೆಯಾಗಿದ್ದದ್ದು ಅವಳ ಕಣ್ಣಿಗೆ ಬಿದ್ದು, ಅದನ್ನು ನೇರ ಮಾಡಲಾಗದೆ ಪೇಚಾಡುತ್ತಿದ್ದಳು. ಆಮೇಲೆ ನಿಧಾನವಾಗಿ ಮಂಡಿ ನಿಂತಿತು, ಬೆರಳುಗಳೂ ನಿಂತವು. ಅಬ್ಬಾ, ಕೊನೆಗೂ ಕೂರುವುದನ್ನು ಕಲಿತಳು ಎಂದುಕೊಂಡು ನಾನು ಗಡಿಯಾರ ನೋಡುತ್ತ ಕೂತೆ.

ಸ್ವಲ್ಪ ಹೊತ್ತಾದ ಮೇಲೆ ತಿರುಗಿ ನೋಡಿದರೆ ಅವಳು ಇನ್ನೂ ಹಾಗೇ ಇದ್ದಳು. ಅದು ನಾನು ಬಲ್ಲ ಅತ್ತಿಗೆಯ ರೀತಿಯಲ್ಲ. ಮೇಲ್ದುಟಿಯ ಮೇಲೆ ಬೆವರು ಹನಿಗಟ್ಟಿತ್ತು. ಎಡಗೈ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಿತ್ತು. ಮುಖದ ಬಣ್ಣ ತೊಳೆದು ಹಾಕಿದ ಬಟ್ಟೆಯ ಹಾಗಾಗಿತ್ತು.

"ಅತ್ತಿಗೆ?"

ಅವಳು ಕತ್ತು ತಿರುಗಿಸಲಿಲ್ಲ. ಬಲಗೈಯ ಒಂದು ಬೆರಳೆತ್ತಿ ಸುಮ್ಮನಿರು ಎಂದಳು, ಅದೇ ಬೆರಳಿನಿಂದ ಗಡಿಯಾರ ತೋರಿಸಿದಳು. ಮಾತಾಡಿದರೆ ರಕ್ತ ಕೆಡುತ್ತದೆ ಎಂದು ಅವಳು ಎಷ್ಟು ವರ್ಷದಿಂದ ನನ್ನ ಕಿವಿಗೆ ತುಂಬಿದ್ದಳೆಂದರೆ, ನಾನು ನಿಜವಾಗಿಯೂ ಸುಮ್ಮನಾದೆ. ಎದುರಿಗೆ ಚಿತ್ರಪಟದ ಹೆಂಗಸು ದವಡೆ ಹಿಡಿದು ನಿಂತೇ ಇದ್ದಳು. ಪಕ್ಕದಲ್ಲಿ ಅತ್ತಿಗೆ ಕಷ್ಟಪಟ್ಟು ಎಂಜಲು ನುಂಗಿ, ದವಡೆ ಕಚ್ಚಿ, ಕಣ್ಣು ಮುಚ್ಚಿದಳು. ನಾನು ಎದ್ದುಬಿಟ್ಟೆ.

"ಕೂತ್ಕೊಳೇ" ಎಂದು ಅವಳು ಹಲ್ಲಿನ ಸಂದಿಯಿಂದ ಪಿಸುಗುಟ್ಟಿದಳು. "ಇನ್ನು ಸ್ವಲ್ಪಾನೇ ಇರೋದು. ಅಲ್ಲಾಡಿದ್ರೆ ಸ್ಯಾಂಪಲ್ ಕೆಡುತ್ತೆ."

"ನಿನ್ ಸ್ಯಾಂಪಲ್‌ಗೆ ಬೆಂಕಿ ಬೀಳ!"

ನಾನು ಅಷ್ಟು ಜೋರಾಗಿ ಕೂಗಿದ್ದು ಜೀವನದಲ್ಲಿ ಅದೇ ಮೊದಲು. ಬಾಗಿಲು ತೆಗೆದು ಕಾರಿಡಾರಿಗೆ ಬಿದ್ದು ಮತ್ತೆ ಕೂಗಿದೆ. ಮೇಡಂ ಕೈಯಲ್ಲಿದ್ದದ್ದನ್ನು ಹಾಗೇ ಹಿಡಿದುಕೊಂಡು ಓಡಿಬಂದರು, ಅತ್ತಿಗೆಯ ಮುಖ ನೋಡಿ ಅದನ್ನು ಮೇಜಿನ ಮೇಲೆ ಎಸೆದರು. ಯಾರೋ ಗಾಲಿಕುರ್ಚಿ ತಂದರು. ಅತ್ತಿಗೆ ಪಾದ ಸವರುತ್ತ ಪೆಟ್ಟಿಗೆ ಒಯ್ಯುತ್ತಿದ್ದ ಅದೇ ಕಾರಿಡಾರಿನಲ್ಲಿ ಅವಳನ್ನೇ ಗಡಗಡ ಎನ್ನಿಸಿಕೊಂಡು ತಳ್ಳಿಕೊಂಡು ಓಡಿದೆವು. ಎದುರಿಗೆ ಬಂದವರು ಗೋಡೆಗೆ ಸರಿದರು. ಇಪ್ಪತ್ತೆರಡರ ಹುಡುಗಿಯಾಗಿ ಬಂದು ನನ್ನ ಸಿಕ್ಕು ಕೂದಲು ಬಿಡಿಸಿದವಳು ಈ ಕುರ್ಚಿಯಲ್ಲೇ ಮುಗಿದುಹೋಗುತ್ತಾಳೆ ಎಂದು ನನಗೆ ಆಗ ಅನ್ನಿಸಿತು. ಅತ್ತಿಗೆ ಮಾತ್ರ ಒಂದೇ ಸಮ ಗೊಣಗುತ್ತಿದ್ದಳು, "ಟ್ಯೂಬೇ ತೆಗೀಲಿಲ್ಲ, ಟ್ಯೂಬೇ ತೆಗೀಲಿಲ್ಲ."

ಹೃದಯದ ವಿಭಾಗ ಅದೇ ಕಟ್ಟಡದ ಕೆಳಗಿನ ಮಹಡಿಯಲ್ಲಿತ್ತು, ಅದು ನಮ್ಮ ಪುಣ್ಯ. ಅವಳನ್ನು ಒಳಗೆ ಕರೆದುಕೊಂಡು ಹೋದರು. ಅಣ್ಣನಿಗೆ ಫೋನ್ ಮಾಡಿದೆ. ಕ್ರೇನ್ ಇಳಿದು ಬರುವುದಕ್ಕೇ ಅವನಿಗೆ ಹೊತ್ತು ಹಿಡಿಯುತ್ತದೆ, ಬಂದಾಗ ತಲೆಯ ಮೇಲಿನ ಹಳದಿ ಹೆಲ್ಮೆಟ್ ಇನ್ನೂ ಹಾಗೇ ಇತ್ತು. ಇಟ್ಟಲ್ಲಿ ಇರುವ ಮನುಷ್ಯ ಅಂದು ಆ ಬಾಗಿಲಿನ ಮುಂದೆ ಅತ್ತಿಂದಿತ್ತ ಇತ್ತಿಂದತ್ತ ತಿರುಗುತ್ತಲೇ ಇದ್ದ. ಕೂತ್ಕೋ ಅಣ್ಣ ಎಂದರೆ ಕೂತು, ಮರುಕ್ಷಣ ಎದ್ದ. ನಾನೂ ಅಷ್ಟೇ. ನಾವಿಬ್ಬರೂ ಅತ್ತಿಗೆಯ ಕೆಲಸ ಹಂಚಿಕೊಂಡ ಹಾಗಿತ್ತು.

ಹೊರಗೆ ಬಂದ ಹೃದಯದ ಡಾಕ್ಟರು ನೇರ ಮಾತಿನ ಮನುಷ್ಯ. ಒಂದು ರಕ್ತನಾಳ ಮೊದಲೇ ಕಿರಿದಾಗಿತ್ತು, ಅದರ ಮೇಲೆ ರಕ್ತ ಹೆಪ್ಪುಗಟ್ಟಲು ಶುರುವಾಗಿತ್ತು, ತೆರೆದು ಸ್ಟೆಂಟ್ ಹಾಕಿದ್ದೇವೆ ಎಂದರು. ಆಮೇಲೆ ಕೇಳಿದರು, "ಮೊದ್ಲು ಏನೂ ತೊಂದ್ರೆ ಇರ್ಲಿಲ್ವಾ?"

ನಾನು ಮೆಟ್ಟಿಲಿನ ಕಿಟಕಿಯಿಂದ ಹಿಡಿದು ಹಲ್ಲಿನ ಡಾಕ್ಟರವರೆಗೆ ಎಲ್ಲ ಹೇಳಿದೆ.

"ಅದೇ ಹೃದಯ ಕಣಮ್ಮ. ಹೆಂಗಸರಿಗೆ ಎದೇಲೇ ನೋವು ಬರ್ಬೇಕು ಅಂತೇನಿಲ್ಲ. ದವಡೆ, ಬೆನ್ನು, ಸುಸ್ತು, ಏದುಸಿರು. ಇವರಿಗೆ ಯಾರೂ ಹೇಳಿರ್ಲಿಲ್ವಾ?"

ನನಗೆ ಅಳುವೂ ಬಂತು, ನಗುವೂ ಬಂತು. ಆ ಚಿತ್ರಪಟವನ್ನು ಗಡಿಯಾರದ ಕೆಳಗೆ ಅಂಟಿಸಿದವಳೇ ಅತ್ತಿಗೆ.

ಅವಳು ವಾರ್ಡಿಗೆ ಬಂದ ಮೇಲೆ ಮೇಡಂ ನೋಡಲು ಬಂದರು. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಅತ್ತಿಗೆಯ ಕೈ ಹಿಡಿದುಕೊಂಡರು. ಅತ್ತಿಗೆ ಮೊದಲು ಕೇಳಿದ್ದು, "ನನ್ನ ಗೆರೆ ಮೇಲೆ ಹೋಗ್ತಿದ್ದದ್ದು ಇದಕ್ಕೇನಾ ಮೇಡಂ?"

"ಗೊತ್ತಿಲ್ಲ" ಎಂದರು ಮೇಡಂ. "ಇರಬಹುದು, ಇಲ್ದೇನೂ ಇರಬಹುದು. ಒಬ್ಬರ ಗೆರೆ ನೋಡಿ ಅವರ ಹೃದಯ ಹೀಗಿದೆ ಅಂತ ಹೇಳೋಕಾಗಲ್ಲ. ನೂರಾರು ಜನರದ್ದು ನೋಡ್ತಿರೋದೇ ಅದಕ್ಕೆ. ಆದ್ರೆ ನಿಮ್ಮ ಗೆರೆ ಮೇಲೇರಿದಾಗ ನಾನು ಯಂತ್ರ ಬಿಚ್ಚಿಸಿದೆ, ನಿಮ್ಮನ್ನ ಹೇಗಿದೀರ ಅಂತ ಒಂದು ಮಾತು ಕೇಳ್ಲಿಲ್ಲ." ಅವರ ಕಣ್ಣು ತುಂಬಿತ್ತು.

"ನೀವು ಕೇಳಿದ್ರೂ ನಾನು ಚೆನ್ನಾಗಿದೀನಿ ಅಂತಿದ್ದೆ" ಎಂದಳು ಅತ್ತಿಗೆ. ಅದು ನಿಜ.

ಆಮೇಲೆ ಮೇಡಂ ಇನ್ನೊಂದು ಮಾತು ಹೇಳಿದರು. ಸ್ಟೆಂಟ್ ಹಾಕಿದವರು ಪ್ಲೇಟ್‌ಲೆಟ್‌ಗಳನ್ನು ಸುಮ್ಮನಿರಿಸುವ ಮಾತ್ರೆ ತೆಗೆದುಕೊಳ್ಳಬೇಕು. ಆ ಮಾತ್ರೆ ತೆಗೆದುಕೊಳ್ಳುವವರ ರಕ್ತ ಅಳತೆಗೆ ಬರುವುದಿಲ್ಲ. ಅತ್ತಿಗೆ ಇನ್ನು ಮುಂದೆ ಮನೆ ಟ್ಯೂಬು ಕೊಡುವ ಹಾಗಿಲ್ಲ. ಎದೆ ಒಡೆಯುವ ನೋವನ್ನು ಹಲ್ಲು ಕಚ್ಚಿ ತಡೆದವಳು ಇದಕ್ಕೆ ಬಿಕ್ಕಿಬಿಕ್ಕಿ ಅತ್ತಳು. ಅಣ್ಣ ಏನು ಮಾಡುವುದೆಂದು ತಿಳಿಯದೆ ಅವಳ ಹೊದಿಕೆಯನ್ನು ಸರಿಮಾಡಿದ, ಮತ್ತೆ ಸರಿಮಾಡಿದ.

"ನಂದು ತಗೊಳ್ಳಿ" ಎಂದೆ ನಾನು. "ನಂಗೆ ಕೂರೋದು ಚೆನ್ನಾಗಿ ಬರುತ್ತೆ. ಸೋಮಾರಿ ಅಂತ ಇವಳೇ ಸರ್ಟಿಫಿಕೇಟ್ ಕೊಟ್ಟಿದಾಳೆ."

ಹಾಗೆ ನಾನು ಮನೆ ಟ್ಯೂಬಾದೆ. ನಾನೊಬ್ಬಳೇ ಅಲ್ಲ. ಈಗ ನಾಲ್ವರು ಹೆಂಗಸರಿದ್ದೇವೆ, ಸರದಿಯ ಮೇಲೆ ಕೊಡುತ್ತೇವೆ. ಯಾರ ಗೆರೆಯಾದರೂ ಜರುಗಿದರೆ ಯಂತ್ರ ಮುಟ್ಟುವ ಮೊದಲು ಅವರನ್ನು ಕೂರಿಸಿ ಹೇಗಿದ್ದೀರಿ ಎಂದು ಕೇಳಬೇಕು ಎಂದು ಮೇಡಂ ಹೊಸ ನಿಯಮ ಮಾಡಿದ್ದಾರೆ. ಹಿಂದಿನ ತಿಂಗಳುಗಳ ಲೆಕ್ಕವನ್ನೆಲ್ಲ ಮತ್ತೆ ಬಿಚ್ಚಿ ನೋಡುತ್ತಿದ್ದಾರೆ.

ಅತ್ತಿಗೆ ಕೆಲವು ತಿಂಗಳು ಮನೆಯಲ್ಲಿದ್ದಳು. ಬೆಳಿಗ್ಗೆ ಅಣ್ಣ ಅಡುಗೆಮನೆಯಲ್ಲಿ ಕಳ್ಳನ ಹಾಗೆ ಸದ್ದಿಲ್ಲದೆ ಕಾಫಿ ಮಾಡುತ್ತಿದ್ದ, ಒಂದು ಮುಚ್ಚಳವೂ ಬೀಳುತ್ತಿರಲಿಲ್ಲ. ಬೇಕಾದಷ್ಟು ಹೊತ್ತು ಮಲಗಬಹುದಾಗಿದ್ದ ನಾನು ಕತ್ತಲಿರುವಾಗಲೇ ಎದ್ದು, ಅವಳ ಕೋಣೆಯ ಬಾಗಿಲಿಗೆ ಕಿವಿಯಿಟ್ಟು, ಉಸಿರು ಕೇಳಿಸಿದ ಮೇಲೆ ವಾಪಸು ಬರುತ್ತಿದ್ದೆ. ಒಮ್ಮೆ ಒಳಗಿಂದ, "ಬದುಕಿದೀನಿ, ಹೋಗಿ ಮಲಕ್ಕೋ" ಎಂದಳು.

ಅವಳು ಮತ್ತೆ ಕೆಲಸಕ್ಕೆ ಹೋಗತೊಡಗಿ ಒಂದು ವಾರವಾಗಿತ್ತು. ಅಂದು ನನ್ನ ಸರದಿ. ಅರ್ಧ ಗಂಟೆ ಕೂತೆ, ಅವಳೇ ರಕ್ತ ತೆಗೆದಳು, ನೋವಾಗಲೇ ಇಲ್ಲ. ಟ್ಯೂಬುಗಳನ್ನು ಪೆಟ್ಟಿಗೆಯಲ್ಲಿ ನಿಲ್ಲಿಸಿ ಎತ್ತಿಕೊಂಡಳು. "ಬೇರೆಯವರು ಒಯ್ಯಲಿ" ಎಂದು ಮೇಡಂ ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ತೋಳಿಗೆ ಹತ್ತಿ ಒತ್ತಿಕೊಂಡು ಅವಳ ಹಿಂದೆಯೇ ಹೊರಟೆ. ಅದೇ ನಡಿಗೆ, ಅದೇ ಸವರುವ ಪಾದಗಳು, ಜನ ಗೋಡೆಗೆ ಸರಿದರು.

ಅರ್ಧ ದಾರಿಯಲ್ಲಿ ರೋಗಿಗಳ ಮನೆಯವರು ಕಾಯುವ ಒಂದು ಉದ್ದನೆಯ ಬೆಂಚಿದೆ. ಅದರ ಹತ್ತಿರ ಬಂದಾಗ ಅವಳ ನಡಿಗೆ ನಿಧಾನವಾಯಿತು, ಆಮೇಲೆ ನಿಂತಿತು. ಓಡಿಹೋಗಿ ಅವಳ ಮುಖ ನೋಡಿದೆ. ಅವಳು ಪೆಟ್ಟಿಗೆಯನ್ನು ನೋಡಿದಳು, ಲ್ಯಾಬಿನ ಬಾಗಿಲನ್ನು ನೋಡಿದಳು. ಆಮೇಲೆ ಬಾಗಿ ಪೆಟ್ಟಿಗೆಯನ್ನು ಬೆಂಚಿನ ಮೇಲಿಟ್ಟು, ಅದರ ಪಕ್ಕದಲ್ಲಿ ಕೂತಳು.

"ನೋವಾ? ಯಾರನ್ನಾದ್ರೂ ಕರೀಲಾ?"

"ನೋವೇನಿಲ್ಲ ಕಣೇ. ಸ್ವಲ್ಪ ಉಸಿರು ಕಟ್ಟಿದ ಹಾಗಾಯ್ತು. ಒಂದೆರಡು ನಿಮಿಷ ನೋಡೋಣ, ಹೋಗ್ಲಿಲ್ಲ ಅಂದ್ರೆ ಕೆಳಗೆ ಡಾಕ್ಟರ ಹತ್ರ ಹೋಗೋಣ."

ಅವಳ ಬಾಯಲ್ಲಿ ಆ ಮಾತು ಬರುತ್ತದೆಂದು ನಾನು ಎಣಿಸಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ. "ಟ್ಯೂಬು ಕೆಡುತ್ತಲ್ಲ ಅತ್ತಿಗೆ."

"ಕೆಡ್ಲಿ ಬಿಡು, ಇನ್ನೊಂದು ತೆಗೆದ್ರಾಯ್ತು" ಎಂದು ಅವಳು ಪೆಟ್ಟಿಗೆಯನ್ನು ಆ ಕಡೆ ತಳ್ಳಿ ನನಗೆ ಜಾಗ ಮಾಡಿಕೊಟ್ಟಳು. "ನಿಂತೇ ಇದೀಯಲ್ಲ, ಕೂತ್ಕೋ ಬಾ."